ಬ್ರಷ್ ತೊಳೆಯುವ ನೀರು

ಮೇಕಪ್ ಮಾಡುವವಳು ಅಂದರೆ ಜನರ ಕಣ್ಣಿಗೆ ಬೀಳುವುದು ಮದುಮಗಳ ಮುಖ ಮಾತ್ರ. ಆ ಕೆಲಸದ ಅರ್ಧ ಭಾಗ ಬಚ್ಚಲುಮನೆಯಲ್ಲಿ ನಡೆಯುತ್ತದೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಮದುವೆಗೆ ಬಂದವರೆಲ್ಲ ಎರಡನೇ ಪಂಕ್ತಿಯ ಊಟಕ್ಕೆ ಏಳುವ ಹೊತ್ತಿಗೆ ನಾನು ಪೆಟ್ಟಿಗೆ ಹೊತ್ತು ಮನೆ ಸೇರಿರುತ್ತೇನೆ. ಹದಿನೆಂಟು ಬ್ರಷ್ಷುಗಳು ಕಾಯುತ್ತಿರುತ್ತವೆ. ಫೌಂಡೇಶನ್ ಹಚ್ಚಿದ್ದು, ಪೌಡರ್ ಒತ್ತಿದ್ದು, ಕೆನ್ನೆಗೆ ಬಣ್ಣ ಬಳಿದದ್ದು, ಕಣ್ಣಿನ ರೆಪ್ಪೆಗೆ, ತುಟಿಗೆ, ಹೀಗೆ. ಒಂದೊಂದರಲ್ಲೂ ಎಣ್ಣೆ, ಮೇಣ, ಬಣ್ಣದ ಪುಡಿ, ಮತ್ತೆ ಇನ್ನೊಬ್ಬರ ಬೆವರು. ಅವನ್ನು ಹಾಗೇ ಒಳಗಿಟ್ಟು ನಾಳೆ ಇನ್ನೊಬ್ಬಳ ಮುಖಕ್ಕೆ ಒಯ್ಯುವುದು ಎಂಜಲು ತಟ್ಟೆಯಲ್ಲಿ ಬಡಿಸಿದ ಹಾಗೆ.

ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು, ಈ ತೊಳೆಯುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮೊದಲು ಮುಂಬೈಯಲ್ಲಿ, ಆಮೇಲೆ ಚೆನ್ನೈಯಲ್ಲಿ. ಊರು ಬಿಟ್ಟು ಊರಿಗೆ ಹೋದವರು ಮೊದಲು ಅಲ್ಲಿಯ ಭಾಷೆ ಕಲಿಯಬೇಕು ಅಂತಾರೆ. ನನ್ನ ಅನುಭವದಲ್ಲಿ ಭಾಷೆ ಎರಡನೆಯದು. ಹೋದ ದಿನವೇ ಎದುರಾಗುವುದು ನೀರು. ಅದು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಸೋಪಿಗೆ ನೊರೆ ಕೊಡುತ್ತದಾ ಇಲ್ಲವಾ ಅನ್ನುವುದನ್ನು ತಿಳಿಯದೆ ಒಂದು ಲೋಟ ತೊಳೆಯುವುದಕ್ಕೂ ಆಗುವುದಿಲ್ಲ. ಇನ್ನು ಆಡಿನ ಕೂದಲಿನ ಬ್ರಷ್ಷು ಎಲ್ಲಿಂದ ಬಂತು!

ನನ್ನ ತವರು ಬ್ರಹ್ಮಾವರದ ಹತ್ತಿರ. ಮುರಕಲ್ಲಿನ ನೆಲದ ಬಾವಿ, ಮೆದು ನೀರು. ಅಮ್ಮ ಸೀಗೆಕಾಯಿ ಅರೆದು, ಅಂಟುವಾಳದ ಕಾಯಿ ನೆನೆಸಿಟ್ಟು ತಲೆಗೆ ಸ್ನಾನ ಮಾಡಿಸುತ್ತಿದ್ದಳು. ಅಪ್ಪಯ್ಯ ಹವ್ಯಾಸಿ ತಂಡದಲ್ಲಿ ಯಕ್ಷಗಾನದ ವೇಷ ಮಾಡುತ್ತಿದ್ದರು. ಅವರ ಜೊತೆ ಚೌಕಿಗೆ ಹೋಗಿ ಕೂರುವುದು ನನಗೆ ಆಟ ನೋಡುವುದಕ್ಕಿಂತ ಇಷ್ಟ. ಸಾಲಾಗಿ ಪೆಟ್ಟಿಗೆ, ಪೆಟ್ಟಿಗೆಯ ಮುಚ್ಚಳಕ್ಕೆ ಒರಗಿಸಿದ ಕನ್ನಡಿ, ಅಂಗೈಯಲ್ಲಿ ಕಲಸಿಕೊಂಡ ಬಣ್ಣ. ಮುಖಕ್ಕೆ ಬೆರಳಿನಲ್ಲಿ ಹಚ್ಚಿ, ಗೆರೆ ಎಳೆಯುವುದಕ್ಕೆ, ಚುಟ್ಟಿ ಇಡುವುದಕ್ಕೆ ಕಡ್ಡಿ. ಅಪ್ಪಯ್ಯ ಹಿಡಿಸೂಡಿಗೆ ಸೇರುವ ಮೊದಲೇ ತೆಂಗಿನಗರಿಯ ಕಡ್ಡಿ ನಾಲ್ಕು ಆರಿಸಿ, ತುದಿ ಹದ ಮಾಡಿ ಇಟ್ಟುಕೊಳ್ಳುತ್ತಿದ್ದರು. ಆಟ ಮುಗಿದ ಮೇಲೆ ಕಡ್ಡಿ ಅಲ್ಲೇ ಬಿಸಾಡುವುದು. ಮುಖಕ್ಕೆ ಕೈತುಂಬ ತೆಂಗಿನೆಣ್ಣೆ ತಿಕ್ಕಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಆಮೇಲೆ ಸಾಬೂನು. ನೀರು ಕೊನೆಗೆ.

ಆ ಚೌಕಿಯಲ್ಲಿದ್ದದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಹಿಂದಿನವರು ಬಳಸುತ್ತಿದ್ದ ಹಳದಿಯ ಅರದಳದಲ್ಲಿ ಆರ್ಸೆನಿಕ್ ಇದೆ, ಕೆಂಪಿನ ಇಂಗಳೀಕದಲ್ಲಿ ಪಾದರಸ ಇದೆ. ಎರಡೂ ವಿಷವೇ. ಆದರೆ ಎಣ್ಣೆಯ ಬಣ್ಣವನ್ನು ಎಣ್ಣೆಯೇ ಬಿಡಿಸಬೇಕು, ಸೋಪು ಆಮೇಲೆ ಅನ್ನುವ ಲೆಕ್ಕ ನನಗೆ ಅಲ್ಲಿಂದಲೇ ಬಂದದ್ದು. ಯಾವ ಕೋರ್ಸಿನಲ್ಲೂ ಅಷ್ಟು ಸ್ಪಷ್ಟವಾಗಿ ಹೇಳಿಕೊಡಲಿಲ್ಲ.

1999ರಲ್ಲಿ ಮದುವೆಯಾಗಿ ಮುಂಬೈಗೆ ಬಂದೆ. ಭಾಂಡುಪ್‌ನಲ್ಲಿ ಒಂದು ಚಾಳಿನ ಒಂದೂವರೆ ಕೋಣೆ. ಭಾತ್ಸಾ, ವೈತರಣಾ ಕಡೆಯಿಂದ ಬರುವ ನೀರನ್ನು ಶುದ್ಧ ಮಾಡಿ ಮುಂಬೈಗೆ ಕಳಿಸುವ ದೊಡ್ಡ ಕಾರ್ಖಾನೆ ಇರುವುದು ಭಾಂಡುಪ್‌ನಲ್ಲೇ. ನಮ್ಮ ಚಾಳಿಗೆ ಮಾತ್ರ ನಲ್ಲಿ ಬರುತ್ತಿದ್ದದ್ದು ಬೆಳಿಗ್ಗೆ ಐದರಿಂದ ಏಳು. ಆ ಎರಡು ಗಂಟೆಯಲ್ಲಿ ಕುಡಿಯುವ ನೀರು, ಅಡುಗೆ ನೀರು, ಸ್ನಾನ, ಬಟ್ಟೆ, ಡ್ರಮ್ಮು ತುಂಬಿಸುವುದು ಎಲ್ಲ ಆಗಬೇಕು. ಪಕ್ಕದ ಮನೆಯ ಕಾಕು ನಾಲ್ಕೂ ಮುಕ್ಕಾಲಿಗೆ ಬಾಗಿಲು ತಟ್ಟಿ "ಪಾಣಿ ಆಲಂ!" ಅಂತ ಎಬ್ಬಿಸುತ್ತಿದ್ದರು. ನಾನು ಕಲಿತ ಮೊದಲ ಮರಾಠಿ ಮಾತು ಅದೇ.

2003ರಲ್ಲಿ ಘಾಟ್ಕೋಪರಿನಲ್ಲಿ ಮೂರು ತಿಂಗಳ ಮೇಕಪ್ ಕೋರ್ಸ್ ಸೇರಿದೆ. ಫೀಸು ಕಟ್ಟಿದ್ದು ಚಾಳಿನ ಹೆಂಗಸರ ಭಿಶಿಯಲ್ಲಿ ನನ್ನ ಪಾಳಿ ಬಂದಾಗ. ಹತ್ತು ಬ್ರಷ್ಷುಗಳ ಸೆಟ್ಟು ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದದ್ದು ಸಾವಿರದ ನಾನೂರಕ್ಕೆ. ನಮ್ಮ ಯಜಮಾನರ ಸಂಬಳ ಆಗ ಎಂಟು ಸಾವಿರ. ಕೋರ್ಸಿನ ಟೀಚರ್ ಒಂದು ಸಣ್ಣ ಬಾಟಲಿ ತೋರಿಸಿ, ಬ್ರಷ್ ತೊಳೆಯುವುದಕ್ಕೆ ಇದೇ ಬೇಕು, ನಾನೂರೈವತ್ತು ರೂಪಾಯಿ, ನಮ್ಮಲ್ಲೇ ಸಿಗುತ್ತದೆ ಅಂದರು. ಬಾಟಲಿಯ ಹಿಂದಿನ ಅಕ್ಷರ ಓದಿದೆ. ಸ್ಪಿರಿಟ್ಟು, ನೊರೆ ಬರಿಸುವ ಪದಾರ್ಥ, ಸುವಾಸನೆ. ಊರಿಗೆ ಫೋನು ಮಾಡಿದಾಗ ಅಮ್ಮನಿಗೆ ಹೇಳಿದೆ.

"ಎಂತ ಮಾರಾಯ್ತಿ, ಕೂದಲು ತೊಳೆಯುವುದಕ್ಕೆ ನಾನೂರೈವತ್ತಾ? ಅದು ಆಡಿನ ಕೂದಲಾದ್ರೂ ಕೂದಲೇ ಅಲ್ವಾ? ತಲೆಗೆ ಹಾಕುದನ್ನೇ ಹಾಕು."

ಬುಟ್ಟಿ ಹಿಡಿದು ನಕ್ಕವರು ಯಾರೂ ಇರಲಿಲ್ಲ, ನಾನೊಬ್ಬಳೇ ನಕ್ಕೆ. ಆದರೆ ಮಾತು ಸರಿಯಾಗಿಯೇ ಇತ್ತು. ಬ್ರಷ್ಷಿನಲ್ಲಿ ಎರಡು ಜಾತಿ. ಒಂದು ಆಡಿನದೋ ಕುದುರೆಯದೋ ನಿಜವಾದ ಕೂದಲಿನದು, ಪುಡಿ ಹಚ್ಚುವುದಕ್ಕೆ ಒಳ್ಳೆಯದು. ಇನ್ನೊಂದು ನೈಲಾನಿನಂಥ ಎಳೆಯದು, ದ್ರವ ಮತ್ತು ಕ್ರೀಮಿಗೆ. ಎರಡಕ್ಕೂ ಮೆದುವಾದ ಶಾಂಪೂ ಸಾಕು. ಒಂದು ರೂಪಾಯಿಯ ಸ್ಯಾಶೆಯಲ್ಲಿ ಹತ್ತು ಬ್ರಷ್ಷು ತೊಳೆಯಬಹುದು.

ತೊಳೆಯುವ ಕ್ರಮ ಹೇಳಿಬಿಡುತ್ತೇನೆ, ಇದಕ್ಕಾಗಿ ಯಾರೂ ದುಡ್ಡು ಕೊಡುವುದು ಬೇಡ. ಮೊದಲು ಒಣ ಬಟ್ಟೆಯಲ್ಲಿ ಒರೆಸಿ ಮೇಲಿನ ಬಣ್ಣ ತೆಗೆಯಿರಿ. ಫೌಂಡೇಶನ್, ಲಿಪ್‌ಸ್ಟಿಕ್, ನೀರಿಗೆ ಜಗ್ಗದ ಕಾಡಿಗೆ ಇದ್ದ ಬ್ರಷ್ಷಾದರೆ ಅಂಗೈಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿಕೊಂಡು ಅದರಲ್ಲಿ ಸುತ್ತಾಡಿಸಿ. ಬಣ್ಣ ಬಿಟ್ಟುಕೊಂಡು ಬರುತ್ತದೆ. ಮತ್ತೆ ಒರೆಸಿ. ಪುಡಿಯ ಬ್ರಷ್ಷಿಗೆ ಎಣ್ಣೆ ಬೇಡ. ಆಮೇಲೆ ಕೂದಲ ತುದಿಯನ್ನಷ್ಟೇ ಒದ್ದೆ ಮಾಡಿ, ಅಂಗೈಯಲ್ಲಿ ಶಾಂಪೂ ಹನಿಸಿ, ಮೆಲ್ಲಗೆ ವೃತ್ತ ಬರೆದ ಹಾಗೆ ಆಡಿಸಿ. ಎಣ್ಣೆ ಹಾಕಿದ್ದಕ್ಕೆ ಎರಡು ಸಲ ಶಾಂಪೂ. ತುದಿ ಕೆಳಮುಖವಾಗಿಯೇ ಇರಬೇಕು. ಕೂದಲನ್ನು ಹಿಡಿಗೆ ಸೇರಿಸುವ ತಗಡಿನ ಬಳೆ ಇದೆಯಲ್ಲ, ಅದರೊಳಗೆ ಅಂಟು ಇರುತ್ತದೆ. ಅಲ್ಲಿಗೆ ನೀರು ಇಳಿದರೆ, ಅದರಲ್ಲೂ ಬಿಸಿನೀರು, ಅಂಟು ಸಡಿಲವಾಗಿ ಬ್ರಷ್ಷು ಬೋಳಾಗುತ್ತಾ ಬರುತ್ತದೆ. ಮಗ್ಗಿನಲ್ಲಿ ಮುಳುಗಿಸಿಟ್ಟು ಬೇರೆ ಕೆಲಸಕ್ಕೆ ಹೋಗುವ ಹಾಗೇ ಇಲ್ಲ. ಹಿಂಡಿದ ನೀರಿನಲ್ಲಿ ಬಣ್ಣ ಕಾಣದಿದ್ದರೆ ಮುಗಿಯಿತು. ಬಟ್ಟೆಯಲ್ಲಿ ಒತ್ತಿ, ಬೆರಳಿನಿಂದ ಮೊದಲಿನ ಆಕಾರಕ್ಕೆ ತಂದು, ತುದಿ ಮೇಜಿನ ಅಂಚಿನಿಂದ ಆಚೆ ಬರುವ ಹಾಗೆ ಮಲಗಿಸಿ. ಲೋಟದಲ್ಲಿ ನಿಲ್ಲಿಸಿ ಒಣಗಿಸಿದರೆ ನೀರು ಮತ್ತೆ ಅಂಟಿಗೇ ಇಳಿಯುತ್ತದೆ.

ಅಂಟುವಾಳವನ್ನೂ ಪ್ರಯೋಗ ಮಾಡಿ ನೋಡಿದ್ದೇನೆ, ಊರಿಂದ ಅಮ್ಮ ಕಳಿಸಿದ್ದನ್ನು. ಪುಡಿಯ ಬ್ರಷ್ಷಿಗೆ ಚೆನ್ನಾಗಿದೆ. ಎಣ್ಣೆಯ ಮೇಕಪ್ಪಿಗೆ ಅದರ ಬಲ ಸಾಲದು, ಬಿಳಿ ಕೂದಲಿಗೆ ಕಂದು ಛಾಯೆಯೂ ಬರುತ್ತದೆ. ಊರಿನದು ಅಂತ ಅಭಿಮಾನಕ್ಕೆ ಬಳಸಬಹುದು, ಅಷ್ಟೆ.

ಮುಂಬೈಯ ನೀರು ಮೆದು. ಸೋಪು ಕೂಡ ಚೆನ್ನಾಗಿ ನೊರೆ ಕೊಡುತ್ತಿತ್ತು. ಸಾಬೂನಿನ ಬಿಲ್ಲೆಯ ಉಳಿದ ಚೂರಿನಲ್ಲೇ ಎಷ್ಟೋ ಸಲ ಕೆಲಸ ಮುಗಿಸಿದ್ದೇನೆ. ಅಲ್ಲಿಯ ತೊಂದರೆ ಒಣಗಿಸುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಚಾಳಿನಲ್ಲಿ ಕರವಸ್ತ್ರ ಒಣಗುವುದಕ್ಕೂ ಎರಡು ದಿನ. ಒದ್ದೆ ಉಳಿದ ಬ್ರಷ್ಷಿನ ಬುಡಕ್ಕೆ ಮುಗ್ಗಲು ವಾಸನೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ನಾನು ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ, ರಬ್ಬರ್ ಬ್ಯಾಂಡಿನಿಂದ ಹತ್ತೂ ಬ್ರಷ್ಷನ್ನು ತಲೆಕೆಳಗಾಗಿ ತೂಗುಬಿಟ್ಟು, ರಾತ್ರಿಯಿಡೀ ಟೇಬಲ್ ಫ್ಯಾನ್ ಹಚ್ಚಿಡುತ್ತಿದ್ದೆ. ಯಜಮಾನರು ಸೆಖೆಯಲ್ಲಿ ಮಗ್ಗುಲು ಬದಲಿಸುತ್ತಾ, "ಈ ಮನೆಯಲ್ಲಿ ಫ್ಯಾನು ಇರುವುದು ಮನುಷ್ಯರಿಗಲ್ಲ" ಅಂತ ಗೊಣಗುತ್ತಿದ್ದರು. ಕಾಕು ಬಂದು ನೋಡಿ, "ಅಗಂ ಬಾಯಿ, ಬಾವಲಿ ಸಾಕಿದ್ದೀಯೇನೆ!" ಅಂದರು.

ಆ ಮಳೆಗಾಲದಲ್ಲೇ ಊರಿನಿಂದ ಮೇಳದ ಕಲಾವಿದರು ಮುಂಬೈಗೆ ಆಟಕ್ಕೆ ಬರುವುದು. ಊರಲ್ಲಿ ಮಳೆಗೆ ಆಟ ಇರುವುದಿಲ್ಲ. ಹಾಲಿನಲ್ಲಿ ಕೂತು ಚೆಂಡೆ ಕೇಳುವಾಗ ಪಕ್ಕದಲ್ಲಿ ಕೂತ ಹೋಟೆಲಿನವರ ಮನೆಯ ಹೆಂಗಸರು ಪರಿಚಯವಾದರು. ನನಗೆ ಮೊದಲ ಮದುವೆಗಳು ಬಂದದ್ದು ಅವರಿಂದ. ನಮ್ಮ ಕಡೆಯವಳು, ಹೇಳಿದ ದುಡ್ಡಿಗೆ ಬರುತ್ತಾಳೆ, ಬ್ರಷ್ಷು ಚೊಕ್ಕ ಇಟ್ಟುಕೊಂಡಿದ್ದಾಳೆ ಅನ್ನುವ ಮಾತು ಒಬ್ಬರಿಂದ ಒಬ್ಬರಿಗೆ ದಾಟಿತು. ಅಂಗಡಿ ಇಲ್ಲದ, ಬೋರ್ಡು ಇಲ್ಲದ ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಬಂಡವಾಳ ಎಲ್ಲಿಂದ ಬರಬೇಕು?

2011ರಲ್ಲಿ ಯಜಮಾನರಿಗೆ ಚೆನ್ನೈಗೆ ವರ್ಗವಾಯಿತು. ವೇಳಚ್ಚೇರಿಯಲ್ಲಿ ನೆಲಮಹಡಿಯ ಮನೆ. ನಲ್ಲಿ ತಿರುಗಿಸಿದರೆ ಇಪ್ಪತ್ತನಾಲ್ಕು ಗಂಟೆ ನೀರು! ಮುಂಬೈಯಿಂದ ಬಂದ ನನಗೆ ಅದೇ ಒಂದು ಐಶ್ವರ್ಯ. ಮೊದಲ ವಾರ ಬ್ರಷ್ಷು ತೊಳೆದು ಒಣಗಿಸಿ ಎತ್ತಿಕೊಂಡರೆ, ರೇಷ್ಮೆಯ ಹಾಗಿದ್ದ ಕೂದಲು ಹಿಡಿಸೂಡಿಯಾಗಿತ್ತು. ಎಳೆಗಳ ಮೇಲೆ ಬಿಳಿಯ ಪುಡಿ. ಅದೇ ಕೈ, ಅದೇ ಸಾಬೂನು, ಅದೇ ಕ್ರಮ.

ಪಕ್ಕದ ಮನೆಯ ಮಾಮಿಗೆ ಕೇಳಿದೆ. ಅವರು ನಕ್ಕರು. ಇದು ಬೋರಿನ ನೀರು ಕಣಮ್ಮಾ, ಇದರಲ್ಲಿ ಬೇಳೆಯೂ ಬೇಯುವುದಿಲ್ಲ, ಕೂದಲೂ ಉಳಿಯುವುದಿಲ್ಲ, ಕುಡಿಯುವುದಕ್ಕೆ ಕ್ಯಾನ್ ತಣ್ಣಿ, ಅಡುಗೆಗೆ ಮೆಟ್ರೋ ತಣ್ಣಿ, ಇದು ಬರೀ ತೊಳೆಯುವುದಕ್ಕೆ ಅಂತ ಅರ್ಧ ತಮಿಳು ಅರ್ಧ ಕೈಸನ್ನೆಯಲ್ಲಿ ವಿವರಿಸಿದರು. ಅಮ್ಮನಿಗೆ ಹೇಳಿದರೆ, "ಬೇಳೆ ಬೇಯದ ನೀರಲ್ಲಿ ಸಾಬೂನು ನೊರೆ ಬರೂದಿಲ್ಲ. ಅದು ಎಲ್ಲ ಕಡೆಗೂ ಒಂದೇ" ಅಂದಳು.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಸಾಬೂನು ಅವುಗಳ ಜೊತೆ ಸೇರಿ ನೊರೆಯಾಗುವ ಬದಲು ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಬಿಳಿ ಜಿಡ್ಡು ಅದೇ. ಅದು ಬ್ರಷ್ಷಿನ ಎಳೆಗೆ ಅಂಟಿ ಒಣಗಿದರೆ ಮುಖಕ್ಕೆ ಗೀರುತ್ತದೆ, ಪುಡಿಯನ್ನೂ ಸಮನಾಗಿ ಹಿಡಿಯುವುದಿಲ್ಲ. ಶಾಂಪೂ ಹಾಗಲ್ಲ, ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಹಾಗಾಗಿ ಚೆನ್ನೈಯಲ್ಲಿ ಸಾಬೂನಿಗೆ ರಜೆ ಕೊಟ್ಟೆ. ಬೋರಿನ ನೀರಿನಲ್ಲಿ ಶಾಂಪೂ ಹಾಕಿ ತೊಳೆಯುವುದು, ಕೊನೆಯ ಒಂದು ಲೋಟ ಮಾತ್ರ ಕ್ಯಾನಿನ ನೀರು. ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಒಂದು ಲೋಟ ಅಂದರೆ ಅರ್ಧ ರೂಪಾಯಿಯೂ ಆಗುವುದಿಲ್ಲ. ಈಗಾಗಲೇ ಗಡಸು ಕೂತ ಬ್ರಷ್ಷಿಗೆ ಒಂದು ಮಗ್ಗು ನೀರಿಗೆ ಒಂದು ಚಮಚ ಬಿಳಿ ವಿನೆಗರ್. ತುದಿ ಅದ್ದಿ ಆಡಿಸಿ, ಮತ್ತೆ ಒಳ್ಳೆಯ ನೀರಿನಲ್ಲಿ ತೊಳೆದರೆ ಆ ಬಿಳಿ ಪುಡಿ ಕರಗುತ್ತದೆ. ತಾಮ್ರದ ಕೊಡಪಾನಕ್ಕೆ ಅಮ್ಮ ಹುಣಸೆಹುಳಿ ತಿಕ್ಕುತ್ತಿದ್ದ ಉಪಾಯವೇ, ಹುಳಿ ಕಿಟ್ಟವನ್ನು ಕರಗಿಸುತ್ತದೆ. ಹುಣಸೆ ಕಲೆ ಮಾಡುತ್ತದೆ, ವಿನೆಗರ್ ಮಾಡುವುದಿಲ್ಲ. ಆದರೆ ವಿನೆಗರ್ ಹಾಕಿದರೆ ರೋಗಾಣು ಸತ್ತವು ಅಂತ ಯಾರೂ ನಂಬಬಾರದು. ಎಸಿಯಿಂದ ತೊಟ್ಟಿಕ್ಕುವ ನೀರು ಮೆದುವಾಗಿರುತ್ತದೆ, ಅದನ್ನು ಬಳಸು ಅಂತಲೂ ಒಬ್ಬರು ಹೇಳಿದರು. ಎಸಿಯ ಒಳಗಿನ ಧೂಳು, ಬೂಷ್ಟು ನೋಡಿದ ಮೇಲೆ ನಾನು ಅದನ್ನು ನೆಲ ಒರೆಸುವುದಕ್ಕೆ ಇಟ್ಟುಕೊಂಡೆ.

2015ರ ಡಿಸೆಂಬರ್ ಮೊದಲ ವಾರ ನೀರು ಮನೆಯೊಳಗೇ ಬಂತು. ವೇಳಚ್ಚೇರಿ ಕೆರೆಯಂತಾಗಿತ್ತು. ಮಗಳನ್ನು ಎತ್ತಿಕೊಂಡು ಮಾಮಿಯವರ ಜೊತೆ ಮೇಲಿನ ಮಹಡಿಗೆ ಹತ್ತಿದೆವು. ಮೂರನೇ ದಿನ ಇಳಿದು ನೋಡಿದರೆ ಮೇಕಪ್ ಪೆಟ್ಟಿಗೆ ಚರಂಡಿ ನೀರಿನಲ್ಲಿ ತೇಲಿ ಅಡುಗೆಮನೆ ಸೇರಿತ್ತು. ಹದಿನಾಲ್ಕು ಬ್ರಷ್ಷು, ಅದರಲ್ಲಿ ನಾಲ್ಕು ಒಂದೊಂದೂ ಸಾವಿರದ ಮೇಲಿನದು. ಬಿಸಿಲಿಗೆ ಹಾಕಿ, ಸ್ಪಿರಿಟ್ಟಿನಲ್ಲಿ ಅದ್ದು, ಸರಿ ಹೋಗುತ್ತದೆ ಅಂತ ಬಂದವರೆಲ್ಲ ಹೇಳಿದರು. ನಾನು ಎಲ್ಲವನ್ನೂ ಕಸದ ಚೀಲಕ್ಕೆ ಹಾಕಿದೆ. ಹೊರಗಿನ ಕೂದಲು ತೊಳೆಯಬಹುದು, ತಗಡಿನ ಬಳೆಯ ಒಳಗೆ ಮೂರು ದಿನ ಕೂತ ಚರಂಡಿಯನ್ನು ಯಾವ ಶಾಂಪೂ ತಲುಪುತ್ತದೆ? ಕಡಿಮೆ ಖರ್ಚಿನಲ್ಲಿ ತೊಳೆಯುವುದು ಗೊತ್ತಿದ್ದರೆ ಸಾಲದು, ಯಾವುದನ್ನು ತೊಳೆಯಲು ಆಗದು ಅನ್ನುವುದೂ ಗೊತ್ತಿರಬೇಕು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅನ್ನುವುದೂ ನಿಜ. ಸೌಕಾರ್‌ಪೇಟೆಯಲ್ಲಿ ಆರು ಅಗ್ಗದ ನೈಲಾನ್ ಬ್ರಷ್ಷು ತಂದು ಮತ್ತೆ ಶುರು ಮಾಡಿದೆ.

ನಾಲ್ಕೇ ವರ್ಷಕ್ಕೆ ಅದೇ ಊರಿನಲ್ಲಿ ನೀರೇ ಇಲ್ಲ. 2019ರ ಜೂನ್ ಹೊತ್ತಿಗೆ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಹೆಚ್ಚುಕಡಿಮೆ ಬತ್ತಿಹೋಗಿದ್ದವು. ನಮ್ಮ ಬೋರು ಕೆಸರು ಕಾರಿ ನಿಂತಿತು. ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಿದರು. ಬೀದಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು. ನನಗೆ ಭಾಂಡುಪ್ ನೆನಪಾಯಿತು, ಕೊಡ ಹಿಡಿದು ನಿಲ್ಲುವ ಅಭ್ಯಾಸ ಕೈಗೆ ಮರೆತಿರಲಿಲ್ಲ. ಆದರೆ ಆ ತಿಂಗಳಲ್ಲಿ ಎರಡು ಮದುವೆ ಒಪ್ಪಿಕೊಂಡಿದ್ದೆ.

ಹದಿನೆಂಟು ಬ್ರಷ್ಷಿಗೆ ಎರಡು ಲೀಟರ್ ನೀರು ಅಂತ ಲೆಕ್ಕ ಹಾಕಿದೆ. ಹಳೇ ಹತ್ತಿ ಸೀರೆ ಹರಿದು ತುಂಡು ಮಾಡಿ, ಒಣಗಿದ್ದಾಗಲೇ ಎಷ್ಟು ಬಣ್ಣ ಒರೆಸಲಾಗುತ್ತದೋ ಅಷ್ಟೂ ಒರೆಸುವುದು. ಎಣ್ಣೆಯ ಕೆಲಸವೂ ನೀರಿಲ್ಲದೆ ಮುಗಿಯುತ್ತದೆ. ಆಮೇಲೆ ಮೂರು ಬಟ್ಟಲು ಸಾಲಾಗಿಟ್ಟು, ತಿಳಿಯಿಂದ ಕಪ್ಪಿಗೆ ಹೋಗುವುದು. ಮೊದಲು ಪುಡಿಯ ಬ್ರಷ್ಷು, ಆಮೇಲೆ ಕೆನ್ನೆಯದು, ಆಮೇಲೆ ಫೌಂಡೇಶನ್, ಕೊನೆಗೆ ತುಟಿ. ಕಣ್ಣಿನದನ್ನು ಇವುಗಳ ಜೊತೆ ಸೇರಿಸದೆ ಬೇರೆ ಬಟ್ಟಲಲ್ಲಿ. ಪ್ರತಿಯೊಂದಕ್ಕೂ ಕಡೆಗೆ ಎರಡು ಚಮಚ ಕ್ಯಾನ್ ನೀರು ಮೇಲಿನಿಂದ ಹನಿಸುವುದು. ಬಟ್ಟಲಿನ ನೀರು ಕಕ್ಕಸಿಗೆ. ಕೊನೆಗೆ ನೋಡಿದರೆ ಎರಡು ಲೀಟರಿನಲ್ಲಿ ಒಂದು ಲೋಟ ಉಳಿದಿತ್ತು. ಅದನ್ನು ತುಳಸಿಗೆ ಹಾಕಿದೆ.

ಇಲ್ಲಿ ಸ್ಪಿರಿಟ್ಟಿನ ಮಾತು ಹೇಳಬೇಕು. ನೀವು ನಿಮ್ಮ ಬ್ರಷ್ಷನ್ನು ನೀವೊಬ್ಬರೇ ಬಳಸುವವರಾದರೆ ಅದು ಬೇಡ. ಫೌಂಡೇಶನ್ ಬ್ರಷ್ಷನ್ನು ವಾರಕ್ಕೊಮ್ಮೆ, ಪುಡಿಯದನ್ನು ಹದಿನೈದು ದಿನಕ್ಕೊಮ್ಮೆ ಶಾಂಪೂವಿನಲ್ಲಿ ತೊಳೆದರೆ ಸಾಕು. ಅಕ್ಕತಂಗಿಯರೇ ಆದರೂ ಒಂದೇ ಬ್ರಷ್ಷನ್ನು ಹಂಚಿಕೊಳ್ಳಬೇಡಿ. ನನ್ನ ಹಾಗೆ ಹತ್ತು ಮುಖ ಮುಟ್ಟುವವರು ಪ್ರತಿ ಮುಖ ಆದ ಮೇಲೂ ಶುಚಿ ಮಾಡಬೇಕು. ಅದಕ್ಕೆ ಎಪ್ಪತ್ತು ಪರ್ಸೆಂಟಿನ ಐಸೊಪ್ರೊಪೈಲ್ ಸ್ಪಿರಿಟ್ಟು. ತೊಂಬತ್ತೊಂಬತ್ತರದ್ದು ಇನ್ನೂ ಬಲ ಅಂತ ತೋರಬಹುದು, ಆದರೆ ಅದು ಬೇಗ ಆರಿಹೋಗುತ್ತದೆ. ಎಪ್ಪತ್ತರದ್ದರಲ್ಲಿ ಇರುವ ನೀರೇ ಅದಕ್ಕೆ ರೋಗಾಣುವಿನ ಒಳಹೊಕ್ಕು ಕೆಲಸ ಮಾಡಲು ಬಿಡುತ್ತದೆ. ಕೊಳೆ ತೆಗೆಯದೆ ಸ್ಪಿರಿಟ್ ಸಿಂಪಡಿಸಿದರೆ ಪ್ರಯೋಜನ ಕಡಿಮೆ. ಪೂರ್ತಿ ಆರಿದ ಮೇಲೆಯೇ ಚರ್ಮಕ್ಕೆ, ಗ್ಯಾಸ್ ಒಲೆಯ ಹತ್ತಿರವಂತೂ ಬೇಡವೇ ಬೇಡ.

ಅದು ಎಲ್ಲದಕ್ಕೂ ಮದ್ದಲ್ಲ ಅನ್ನುವುದಕ್ಕೆ ಒಂದು ಮದುವೆಯ ಮಾತು ಹೇಳುತ್ತೇನೆ. ಕಣ್ಣು ಕೆಂಪಾಗಿ ಪಿಸಿರು ಬರುವ ಅಂಟುರೋಗಕ್ಕೆ ನಮ್ಮೂರಲ್ಲೂ ‘ಮದ್ರಾಸ್ ಐ’ ಅಂತಲೇ ಹೆಸರು. 2022ರ ನವೆಂಬರಿನಲ್ಲಿ ಅದು ತಮಿಳುನಾಡಿನಲ್ಲಿ ಜೋರಾಗಿ ಹರಡಿತ್ತು. ಅದೇ ತಿಂಗಳು ಟ್ರಿಪ್ಲಿಕೇನ್ ಕಡೆಯ ಒಂದು ಛತ್ರದಲ್ಲಿ ಕನ್ನಡದವರ ಮದುವೆ. ಮದುಮಗಳು ಸೇರಿ ಏಳು ಜನಕ್ಕೆ ಅಲಂಕಾರ. ಬೆಳಗಿನ ನಾಲ್ಕು ಗಂಟೆ. ಮೊದಲು ಬಂದು ಕೂತವಳು ಮದುಮಗಳ ಚಿಕ್ಕಮ್ಮನ ಮಗಳು, ಹತ್ತೊಂಬತ್ತರ ಹುಡುಗಿ, ಮನೆಯೊಳಗೂ ಕಪ್ಪು ಕನ್ನಡಕ. ತೆಗೆಯಮ್ಮ ಅಂದೆ. ಎಡಗಣ್ಣು ಕೆಂಡ.

"ನಿನ್ನೆಯಿಂದ ಹೀಗಿದೆ ಆಂಟಿ. ಫೋಟೋದಲ್ಲಿ ಕಾಣದ ಹಾಗೆ ಏನಾದ್ರೂ ಮಾಡಿ" ಅಂದಳು, ಅಳು ಬರುವ ಧ್ವನಿಯಲ್ಲಿ.

ಆ ರೋಗದ ವೈರಸ್ಸು ಸ್ಪಿರಿಟ್ಟಿಗೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ನನ್ನ ಹತ್ತಿರ ಕಣ್ಣಿನ ಬ್ರಷ್ಷು ಇದ್ದದ್ದು ಐದು. ಅವಳ ಹಿಂದೆ ಕಾದಿದ್ದವರು ಆರು ಜನ, ಕೊನೆಯವಳು ಮದುಮಗಳು. ನಿನ್ನ ಕಣ್ಣಿಗೆ ನಾನು ಏನೂ ಹಚ್ಚುವುದಿಲ್ಲ, ಹಚ್ಚಿದರೆ ನಿನಗೂ ನೋವು ಹೆಚ್ಚು, ಉಳಿದವರಿಗೂ ಅಂಟುತ್ತದೆ, ಮುಖಕ್ಕೆ ಮಾತ್ರ ಮಾಡುತ್ತೇನೆ, ಎಲ್ಲರದೂ ಆದ ಮೇಲೆ ಕೊನೆಗೆ ಬಾ ಅಂದೆ.

ಅವಳ ತಾಯಿಗೆ ಸಿಟ್ಟು ಬಂತು. "ಏನ್ರೀ, ದುಡ್ಡು ಕೊಟ್ಟು ಕರೆಸಿದ್ದೀವಿ. ಮನೆ ಹುಡುಗೀನ ಹೊಲೆಸು ಅನ್ನೋ ಹಾಗೆ ದೂರ ಕೂರಿಸ್ತೀರಾ? ತೊಳ್ಕೊಂಡ್ರಾಯ್ತು, ಹೇಗೂ ಸ್ಪಿರಿಟ್ ಇದೆಯಲ್ಲ!"

ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು. ಹೊರಗೆ ನಾದಸ್ವರದವರು ಶ್ರುತಿ ಹಿಡಿಯುತ್ತಿದ್ದರು. ಆಗ ವಾದ ಮಾಡುತ್ತಾ ಕೂರುವ ಹೊತ್ತಲ್ಲ. ನಾನು ಉಳಿದ ಆರು ಜನರದ್ದು ಮುಗಿಸಿದೆ. ಆಮೇಲೆ ಆ ಹುಡುಗಿಯನ್ನು ಕೂರಿಸಿಕೊಂಡು, ಬ್ರಷ್ಷುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಹತ್ತಿಯ ಉಂಡೆ, ಇಯರ್‌ಬಡ್ಸ್, ಒಂದಿಷ್ಟು ಟಿಶ್ಯೂ. ಬೇಕಾದಷ್ಟು ಬಣ್ಣವನ್ನು ಮೊದಲೇ ಚಮಚದಲ್ಲಿ ತೆಗೆದು ಒಂದು ಬಾಳೆಎಲೆಯ ತುಂಡಿನ ಮೇಲಿಟ್ಟುಕೊಂಡೆ, ಡಬ್ಬಿಗೆ ಮತ್ತೆ ಕೈ ಹೋಗಬಾರದಲ್ಲ. ಕೆನ್ನೆಗೆ ಹತ್ತಿ, ತುಟಿಯ ಗೆರೆಗೆ ಇಯರ್‌ಬಡ್ಡಿನ ಕಡ್ಡಿ. ಹಣೆಯ ಕುಂಕುಮದ ಚಿತ್ತಾರಕ್ಕೆ ಹೂವಿನ ಬುಟ್ಟಿಯಲ್ಲಿದ್ದ ತೆಂಗಿನ ಕಡ್ಡಿ. ಕೈ ತಾನಾಗಿಯೇ ಅದನ್ನು ಎತ್ತಿಕೊಂಡಿತ್ತು. ಮುಗಿದ ಮೇಲೆ ಎಲೆ, ಕಡ್ಡಿ, ಹತ್ತಿ ಎಲ್ಲವನ್ನೂ ಒಂದು ಕವರಿಗೆ ಹಾಕಿ ಕಟ್ಟಿ ಎಸೆದು, ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದೆ. ಹುಡುಗಿ ಕನ್ನಡಿ ನೋಡಿಕೊಂಡು, ಕಪ್ಪು ಕನ್ನಡಕ ಮತ್ತೆ ಏರಿಸಿ, "ಸಿನಿಮಾದವಳ ಹಾಗೆ ಕಾಣ್ತೀನಿ ಅಲ್ವಾ ಆಂಟಿ?" ಅಂತ ನಕ್ಕಳು.

ಸಂಜೆ ಲೆಕ್ಕ ಕೊಡುವಾಗ ಆ ತಾಯಿ ಒಬ್ಬಳ ಕಣ್ಣಿನ ಮೇಕಪ್ಪಿನದ್ದು ಅಂತ ಸಾವಿರ ರೂಪಾಯಿ ಮುರಿದುಕೊಂಡರು. ಮದುಮಗಳ ಮನೆಯವರೂ ಮಾತಾಡಲಿಲ್ಲ. ಅಂದಿನ ಆಟೋ, ಸ್ಪಿರಿಟ್ಟು, ಹತ್ತಿ ಎಲ್ಲ ಕಳೆದರೆ ನನಗೆ ಉಳಿಯುವುದರಲ್ಲಿ ಸಾವಿರ ಸಣ್ಣ ಮೊತ್ತವಲ್ಲ. ಆ ಮನೆಯಲ್ಲಿ ಆಮೇಲೆ ಯಾರಿಗೆ ಕಣ್ಣು ಬಂತು, ಯಾರಿಗೆ ಬರಲಿಲ್ಲ ಅಂತ ನಾನು ವಿಚಾರಿಸುವುದಕ್ಕೆ ಹೋಗಲಿಲ್ಲ. ಟವೆಲ್ಲಿನಿಂದ, ದಿಂಬಿನಿಂದ, ಕೈಯಿಂದ ಹರಡುವ ರೋಗ ಅದು. ನನ್ನ ಬ್ರಷ್ಷಿನಿಂದ ಹೋಗಿರಲಿಲ್ಲ, ಅಷ್ಟು ಮಾತ್ರ ನನ್ನ ಪಾಲಿನದು. ವರ್ಷದ ಮೇಲೆ ಆ ಹುಡುಗಿಯೇ ಫೋನು ಮಾಡಿದಳು. ಅವಳ ನಿಶ್ಚಿತಾರ್ಥ. "ಅಮ್ಮ ಬೇರೆಯವರನ್ನ ಹೇಳ್ತಿದ್ರು ಆಂಟಿ, ನಾನೇ ನೀವು ಬೇಕು ಅಂದೆ" ಅಂದಳು. ಹೋದೆ. ತಾಯಿ ಬಾಗಿಲಲ್ಲೇ ಕಾಫಿ ತಂದುಕೊಟ್ಟರು. ಹಳೆಯದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಮಗಳು ಹೈದರಾಬಾದಿನಲ್ಲಿ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿ. ಕೋಠಿಯ ಸುಲ್ತಾನ್ ಬಜಾರಿನಲ್ಲಿ ಮೂರು ಬ್ರಷ್ಷು ಕೊಂಡಳಂತೆ. ತೊಳೆದರೆ ಗಡಸಾಗುತ್ತದೆ ಅಮ್ಮಾ, ಅಂಗಡಿಯವನು ಮೋಸ ಮಾಡಿದ ಅಂತ ಮೊನ್ನೆ ದೂರು. ಬ್ರಷ್ಷನ್ನೂ ಅಂಗಡಿಯವನನ್ನೂ ಆಮೇಲೆ ಬೈಯೋಣ, ಮೊದಲು ಒಂದು ಖಾಲಿ ಬಾಟಲಿಗೆ ಅರ್ಧ ನಲ್ಲಿ ನೀರು ಹಿಡಿ, ಸಾಬೂನಿನ ಚೂರು ಕೆರೆದು ಹಾಕಿ ಚೆನ್ನಾಗಿ ಅಲ್ಲಾಡಿಸು ಅಂದೆ. ನೊರೆ ಎದ್ದು ನಿಂತರೆ ಮೆದು ನೀರು, ನೊರೆ ಬಾರದೆ ಮೇಲೆ ಬಿಳಿ ಗಸಿ ತೇಲಿದರೆ ಗಡಸು. ಹತ್ತು ನಿಮಿಷ ಬಿಟ್ಟು ಫೋಟೋ ಕಳಿಸಿದಳು. ಮಜ್ಜಿಗೆಯ ಹಾಗೆ ಬಿಳುಚಿದ ನೀರು, ನೊರೆ ಇಲ್ಲ.

"ಅಮ್ಮಾ, ನಮ್ಮ ಹಾಸ್ಟೆಲ್ಲಿನ ಬೇಳೆ ಯಾಕೆ ಯಾವಾಗ್ಲೂ ಬೆಂದಿರೋದಿಲ್ಲ ಅಂತ ಈಗ ಗೊತ್ತಾಯ್ತು" ಅಂತ ಕೆಳಗೆ ಬರೆದಿದ್ದಳು.